ಕರಾಚಿ ಲಕೋಟೆಯ ಚೀಟಿ

ಅಥವಾ ನನ್ನ ಕೈಗೆ ಬಂದಾಗ ಆ ಲಕೋಟೆಯ ಮೇಲೆ ಸರ್ಕಾರದ ಚೀಟಿಯೇ ಇರಲಿಲ್ಲವೇನೋ. ಇತ್ತು ಎಂದು ಎಷ್ಟು ಜನರಿಗೆ ಹೇಳಿದ್ದೇನೆಂದರೆ, ಈಗ ನೆನಪಿಗೆ ಬರುವುದು ಲಕೋಟೆಯೋ ನನ್ನ ಮಾತೋ ತಿಳಿಯದು.

ಪಾಕಿಸ್ತಾನದೊಂದಿಗೆ ಯುದ್ಧವಾದ ವರ್ಷ ಕರಾಚಿಯಿಂದ ಹೊರಟು, ದುಬೈ ಸುತ್ತಿ ಕಂಪ್ಲಿಗೆ ಬಂದ ಲಕೋಟೆ. ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರಿಗೆ ಅವರ ತಮ್ಮ ಬರೆದದ್ದು. ಜೊತೆಗೆ ಫೋಟೊ ಇಟ್ಟಿದ್ದೇನೆ ಎಂದು ಕಾಗದದಲ್ಲಿತ್ತು. ಫೋಟೊ ಇರಲಿಲ್ಲ. ಸರ್ಕಾರದವರು ಒಡೆದು ತೆಗೆದುಕೊಂಡರು ಎಂದು, ಅಂಗಡಿ ಇಟ್ಟಿದ್ದ ಖಾಲಾರ ಗಂಡ ಹೇಳಿದ್ದರು. ತಮ್ಮನ ಮುಖವನ್ನು ಖಾಲಾ ಮತ್ತೆ ನೋಡಲಿಲ್ಲ. ಗಂಡ ತೀರಿಕೊಂಡ ಮೇಲೆ, ಯುದ್ಧಕಾಲದ ಟಪಾಲು ಕೂಡಿಡುತ್ತಿದ್ದ ನನಗೆ ಲಕೋಟೆ ಕೊಟ್ಟರು. ಕಾಗದ ಕೊಡಲಿಲ್ಲ.

ಹೋದ ತಿಂಗಳು ಹೊಸಪೇಟೆಯ ನನ್ನ ಮನೆಗೆ ಸಂಡೂರಿನ ಗೆಳೆಯರೊಬ್ಬರು ಬಂದಿದ್ದರು. ದೋಣಿಮಲೈ ಗಣಿಯಲ್ಲಿ ನಿವೃತ್ತರಾದವರು, ಅವರಿಗೂ ಲಕೋಟೆಯ ಹುಚ್ಚು. ಕರಾಚಿ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಚೀಟಿ ಮ್ಯಾಲಿನ ಸರಗಿ ತೂತು ಎಲ್ಲಿ ಹೋತ್ರಿ?"

ಆಗೆಲ್ಲ ಬಂದ ಟಪಾಲನ್ನು ಗೋಡೆಯ ಸರಿಗೆಗೆ, ಅಂದರೆ ಕೊಕ್ಕೆ ತಂತಿಗೆ, ಚುಚ್ಚಿ ಪೋಣಿಸುತ್ತಿದ್ದರು. ಲಕೋಟೆಗೆ ತೂತಿತ್ತು. ಆ ತೂತನ್ನು ಮುಚ್ಚಿಕೊಂಡು ಅಂಟಿದ್ದ, 'ತೆರೆದು ಪರಿಶೀಲಿಸಿದೆ' ಎಂಬ ಸರ್ಕಾರಿ ಚೀಟಿಗೆ ತೂತಿರಲಿಲ್ಲ.

"ಚೀಟಿ ಆಮ್ಯಾಲೆ ಹಚ್ಯಾರ. ಸರ್ಕಾರೇನು ಕಂಪ್ಲಿಗೆ ಬಂದು, ಸರಗ್ಯಾಗಿಂದ ತಗದು ಹಚ್ತೇನು?"

"ಮತ್ಯಾರು?"

"ನನ್ನ ಯಾಕ ನೋಡ್ತೀರಿ? ಇದ್ದದ್ದು ನಿಮ್ಮ ಕೈಯಾಗ."

ಹೌದು. ಮೊದಲ ಹುಚ್ಚಿನ ದಿನಗಳಲ್ಲಿ, ಹರಿದ ಚೀಟಿ ಕಿತ್ತು ಬೇರೆ ಲಕೋಟೆಯ ಒಳ್ಳೆಯ ಚೀಟಿಯನ್ನು ನಾನು ಅಂಟಿಸುತ್ತಿದ್ದುದುಂಟು. ಇದಕ್ಕೂ ಹಾಗೇ ಮಾಡಿದ್ದರೆ, ಮೊದಲೇ ಸರ್ಕಾರದ ಚೀಟಿಯೊಂದಿತ್ತು, ಖಾಲಾ ನಂಬಿದ್ದು ನಿಜ. ಮಾಡಿಲ್ಲವಾದರೆ ಎಲ್ಲಿಂದಲೋ ಚೀಟಿ ತಂದು ಅಂಟಿಸಿದ್ದು ಅವರ ಗಂಡ, ಒಳಗಿನ ಫೋಟೊ ತೆಗೆದು ಬಚ್ಚಿಟ್ಟದ್ದೂ ಅವರೇ. ಭಾವಮೈದುನನ ಹೆಸರೆತ್ತಿದರೆ ಅವರು ಸಿಡುಕುತ್ತಿದ್ದರು ಎಂದು ಕೇಳಿದ್ದೇನೆ. ಯಾರಿಂದ ಕೇಳಿದೆನೋ.

ಮರುವಾರ ಕಂಪ್ಲಿಗೆ ಹೋದೆ. ಖಾಲಾ ಎಲೆಅಡಿಕೆ ಕುಟ್ಟುತ್ತಿದ್ದರು. ಲಕೋಟೆ ಕೊಟ್ಟಾಗ ಅದರ ಮೇಲೆ ಚೀಟಿ ಇತ್ತೇ ಎಂದು ಕೇಳಿದೆ.

"ಇತ್ತು ಅಂತ ನೀನ ಹೇಳಿದ್ದಿ, ಬೇಟಾ. ನಾ ಎಲ್ಲಿ ನೋಡೇನಿ? ಅಂಗಡಿ ಸರಗಿ ಇದ್ದಂಗ ತಂದು ನಿನ್ನ ಕೈಯಾಗ ಇಟ್ಟೆ."

ಕುಟ್ಟುವುದನ್ನು ನಿಲ್ಲಿಸಿದರು.

"ಯಾಕ, ಫೋಟೊ ತಗೊಂಡೋರು ಸರ್ಕಾರದೋರಲ್ಲೇನು?"

"ಹೌದು, ಸರ್ಕಾರದೋರೇ," ಎಂದೆ.

ಅವರು ಮತ್ತೆ ಕುಟ್ಟತೊಡಗಿದರು. ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ಹೇಳಿದ್ದು ಸುಳ್ಳೋ ಅಲ್ಲವೋ, ಅದೂ ಗೊತ್ತಿಲ್ಲ.