ಕಮಲಾಪುರದಲ್ಲಿ ಕಂಡ ಬಳಿಯವ್ವ

ಕಲ್ಲಿನ ಆ ತೋಳು ಎಡಗೈಯೋ ಬಲಗೈಯೋ, ಈಗ ಖಚಿತವಾಗಿ ಹೇಳಲಾರೆ. ಬೆರಳುಗಳ ನಡುವೆ ನಿಂಬೆಹಣ್ಣಿತ್ತೆಂದು ನೆನಪು; ನಾನೇ ಆಮೇಲೆ ಸೇರಿಸಿಕೊಂಡಿರಲೂಬಹುದು. ಬಳೆಗಳಿದ್ದದ್ದು ಮಾತ್ರ ನಿಜ. ಮದುವೆಯ ಮರುದಿನ ಬುಕ್ಕಸಾಗರದ ಗದ್ದೆಯಂಚಿನಲ್ಲಿ, ಕಂಬದಿಂದ ಚಾಚಿ ಮೇಲಕ್ಕೆ ಮಡಿಸಿದ ಆ ಒಂಟಿ ತೋಳಿಗೆ ಅರಿಸಿನ ಹಚ್ಚಿಸಿ ಅತ್ತೆ ಹೇಳಿದ್ದರು: "ಬಳಿಯವ್ವ. ನಮ್ಮನಿ ಸೊಸ್ತೇರನ್ನ ಕಾಯಾಕಿ. ಕೈ ಮುಗಿ." ಮುಗಿದಿದ್ದೆ. ಕಾರ್ಕಳದಲ್ಲಿ ದೈವಗಳಿಗೆ ಕೈಮುಗಿದು ಬೆಳೆದವಳಿಗೆ ಒಂದು ತೋಳು ಹೆಚ್ಚೇನಲ್ಲ.

ಗಂಡ ವಿರೂಪಾಕ್ಷನ ಕೆಲಸ ಉಕ್ಕಿನ ಕಾರ್ಖಾನೆಯಲ್ಲಿ. ಬಾಡಿಗೆ ಮನೆ ಕುರೆಕುಪ್ಪದಲ್ಲಿ. ಈ ಸೀಮೆಯ ಮೇಲೆ ನನಗಿನ್ನೂ ಪ್ರೀತಿ ಹುಟ್ಟಿಲ್ಲ. ತವರಲ್ಲಿ ಮಳೆಗೆ ಬಟ್ಟೆ ಒಣಗುತ್ತಿರಲಿಲ್ಲ. ಇಲ್ಲಿ ಒಣಗುವಷ್ಟರಲ್ಲಿ ಅದಿರಿನ ಧೂಳಿಗೆ ಕೆಂಪಾಗುತ್ತದೆ. "ಏನವ್ವ, ಬುಕ್ ಓದಿದಂಗ ಮಾತಾಡ್ತಿ" ಎಂದು ಪಕ್ಕದ ಮನೆಯವರು ನಗುತ್ತಾರೆ. ಅಮ್ಮನಿಗೆ ಫೋನಿನಲ್ಲಿ ಅಪ್ಪಿತಪ್ಪಿ 'ಭಾಳ' ಎಂದರೆ ಅಲ್ಲೂ ನಗು.

ರಾಜ್ಯೋತ್ಸವದ ರಜೆಗೆ ಮ್ಯೂಸಿಯಂ ನೋಡೋಣವೆಂದು ಹಟ ಹಿಡಿದವಳು ನಾನೇ. ಸಂಜೆ ಹಾಗೇ ಬುಕ್ಕಸಾಗರಕ್ಕೆ ಹೋಗುವುದಿತ್ತು. ಭಾನುವಾರ ನನ್ನ ಕುಬಸ, ಅಂದರೆ ನಮ್ಮ ಕಡೆಯ ಸೀಮಂತ. ಹಸಿರು ಬಳೆಗಳನ್ನು ಮೊದಲು ಬಳಿಯವ್ವನ ತೋಳಿಗೆ ತಾಗಿಸಿ, ಆಮೇಲೆ ಬಸುರಿಗೆ ತೊಡಿಸುವುದು ಆ ಮನೆಯ ಪದ್ಧತಿ.

ಹೊಸಪೇಟೆಯ ಒಂದು ಸಣ್ಣ ಸಂಗ್ರಹಾಲಯದಲ್ಲಿ ಸಂಡೂರಿನ ಅದಿರನ್ನು ಗಾಜಿನೊಳಗೆ ಇಟ್ಟಿದ್ದರು. ದಿನಾ ಕಿಟಕಿಯಿಂದ ಒರೆಸುವುದನ್ನೇ ಟಿಕೆಟ್ ತೆಗೆದು ನೋಡಿ, ಕಮಲಾಪುರಕ್ಕೆ ಬಂದೆವು. ಅಲ್ಲಿ ಸಾಲಾಗಿ ನಿಲ್ಲಿಸಿದ ಕಲ್ಲುಗಳ ನಡುವೆ ಅದೇ ಮಡಿಸಿದ ತೋಳು, ಅದೇ ಬಳೆಗಳು.

"ಇಲ್ನೋಡ, ನಮ್ಮ ಬಳಿಯವ್ವ!" ಎಂದವನೇ ವಿರೂಪಾಕ್ಷ ಚಪ್ಪಲಿ ಬಿಟ್ಟು ಕಣ್ಣು ಮುಚ್ಚಿದ.

ಕಾವಲುಗಾರ ಓಡಿಬಂದ. "ಯಜಮಾನ್ರ, ಇದು ಗುಡಿ ಅಲ್ಲರಿ. ಚಪ್ಲಿ ಹಾಕ್ಕೊಳ್ರಿ, ಜಲ್ದಿ."

ನಾನು ಫಲಕ ಓದುತ್ತಿದ್ದೆ: ಮಹಾಸತಿ ಕಲ್ಲು. ಗಂಡನ ಚಿತೆಯಲ್ಲಿ ಸುಟ್ಟುಹೋದವಳ ನೆನಪಿಗೆ ನಿಲ್ಲಿಸಿದ್ದು.

"ನಿಮಗೆ ಇದು ಗೊತ್ತಿತ್ತಾ?"

"ಎಲ್ಲಾರಿಗೂ ಗೊತ್ತೈತಿ. ಅದಕ್ಕ ಅಲ್ಲೇನು ದೇವರಾಗಿದ್ದು?"

"ಅವಳು ಸುಟ್ಟುಹೋದದ್ದನ್ನು ನನಗೆ ಹೇಳದೆ ಅರಿಸಿನ ಹಚ್ಚಿಸಿದಿರಿ. ನಾನು ಆ ಬಳೆ ತೊಡುವುದಿಲ್ಲ."

"ಕುಬಸದ ಹೊತ್ತಿನಾಗ ಇದೇನು ತಕರಾರು ಹಚ್ಚಿ? ಆಕಿ ನಮ್ಮನಿ ಹೆಣ್ಮಗಳು, ನಿನ್ನ ಹರಸ್ತಾಳ."

"ಮಗಳಲ್ಲ. ನನ್ನ ಹಾಗೆ ಹೊರಗಿಂದ ಬಂದ ಸೊಸೆ."

ಕಾವಲುಗಾರ ಬೇರೆಡೆ ನೋಡಿದ. ನಾವು ಬುಕ್ಕಸಾಗರಕ್ಕೆ ಹೊರಟೆವು. ಅವನ ಮೇಲೆ ಸಿಟ್ಟು. ಅಂದು ಏನೂ ಕೇಳದೆ ಕೈಮುಗಿದ ನನ್ನ ಮೇಲೂ. ಊರಿನ ದೈವದ ಗುಡಿಯಲ್ಲಾದರೂ ನಾನು ಯಾರನ್ನಾದರೂ ಏನಾದರೂ ಕೇಳಿದ್ದೆನೆ?

ಅತ್ತೆ ಪಡಸಾಲೆಯಲ್ಲಿ ಹಸಿರು ಬಳೆಗಳನ್ನು ಬಟ್ಟೆಯ ಮೇಲೆ ಹರಡಿ, ಒಡಕು ಹುಡುಕುತ್ತಿದ್ದರು. ನನ್ನ ಮಣಿಕಟ್ಟು ಹಿಡಿದು ಅಳತೆ ನೋಡಿದರು. ಅವರ ಕೈ ಬೆಚ್ಚಗಿತ್ತು, ನನ್ನ ಕೈ ಎಳೆದುಕೊಳ್ಳಲು ನನಗಾಗಲಿಲ್ಲ.

"ಅತ್ತೆ, ಬಳಿಯವ್ವನ ತವರೂರು ಯಾವುದು? ಅದೊಂದು ಹೇಳಿ, ಆಮೇಲೆ ತೊಡುತ್ತೇನೆ."

ಅವರು ನನ್ನ ಮಣಿಕಟ್ಟು ಬಿಟ್ಟರು. "ಅದ್ಯಾರಿಗೆ ಗೊತ್ತವ್ವ? ಬಿಸಲಾಗ ಬಂದೀರಿ," ಎಂದರು, "ಮಾರಿ ತೊಳ್ಕೊ, ಹೋಗು."

ನಾಳೆ ಭಾನುವಾರ. ಬಳೆಗಳು ಇನ್ನೂ ಆ ಬಟ್ಟೆಯ ಮೇಲೇ ಇವೆ.