ಕನ್ನಡಿಯಣ್ಣ ನೇರ ನೋಡಲು ಕಲಿತದ್ದು

ನಮ್ಮ ಡಿಪೋದಲ್ಲಿ ಅವರನ್ನು ಎಲ್ಲರೂ ಕರೆಯುವುದು ಕನ್ನಡಿಯಣ್ಣ ಅಂತ. ಸಂಬಳದ ಪಟ್ಟಿಯಲ್ಲಿ ಬೇರೆ ಹೆಸರಿದೆ, ಅದನ್ನು ಕೂಗಿದರೆ ಅವರೇ ಓಗೊಡುವುದಿಲ್ಲ. ಬಸ್ಸು ಓಡಿಸುವಾಗ ಅವರ ಕಣ್ಣು ಒಂದು ಕಡೆ ನಿಂತದ್ದನ್ನು ಯಾರೂ ಕಂಡಿಲ್ಲ. ಎಡಗನ್ನಡಿ, ರಸ್ತೆ, ಬಲಗನ್ನಡಿ, ರಸ್ತೆ, ತಲೆಯ ಮೇಲಿನ ಕನ್ನಡಿ, ಮತ್ತೆ ಎಡ. ಮದುವೆಗೆ ಹೊರಟ ಹುಡುಗಿಯೂ ಅಷ್ಟು ಸಲ ಕನ್ನಡಿ ನೋಡಿಕೊಳ್ಳಲಿಕ್ಕಿಲ್ಲ. ಕ್ಯಾಂಟೀನಿನಲ್ಲಿ ಕೂತರೂ ಅದೇ ಕಥೆ. ಟೀ ಲೋಟ ಬಾಯಿಗಿಟ್ಟುಕೊಂಡೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಣ್ಣು ಹಾಯಿಸುತ್ತಾರೆ. ಒಮ್ಮೆ ಮೆಕ್ಯಾನಿಕ್ಕನ ತಾಯಿ ತೀರಿಕೊಂಡಾಗ ಸಮಾಧಾನ ಹೇಳಲು ಹೋಗಿ ಅವನ ಎರಡು ಭುಜಗಳ ಆಚೆ ನೋಡುತ್ತಾ ನಿಂತಿದ್ದರು. ಇವರಿಗೆ ಯಾವಾಗ ಓಡಿಹೋಗೋಣ ಅನಿಸಿದೆ ಅಂದುಕೊಂಡು ಪಾಪ, ಅವನೇ ಇವರನ್ನು ಸಮಾಧಾನ ಮಾಡಿ ಕಳಿಸಿದ.

ನಾನು ಒಂಬತ್ತು ವರ್ಷದಿಂದ ಅವರ ಬಸ್ಸಿನ ಕಂಡಕ್ಟರ್. ನನಗೆ ಬಾಯಿ ಜಾಸ್ತಿ, ಅವರಿಗೆ ಕಣ್ಣು ಜಾಸ್ತಿ, ಹಾಗಾಗಿ ಗಾಡಿ ಸರಿಯಾಗಿ ಓಡುತ್ತಿತ್ತು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವರ ಬಸ್ಸು ಒಂದು ಕೋಳಿಗೂ ತಾಗಿಲ್ಲ. ದಾಖಲೆ ಪುಸ್ತಕದಲ್ಲಿ ಅಪಘಾತ ಅನ್ನುವ ಕಾಲಂ ಖಾಲಿ ಇರುವ ಡ್ರೈವರು ನಮ್ಮಲ್ಲಿ ಅವರೊಬ್ಬರೇ.

ಹೋದ ವರ್ಷ ಅವರ ಎಡ ಮೊಣಕಾಲು ಕೈಕೊಟ್ಟಿತು. ದಿನಕ್ಕೆ ಸಾವಿರ ಸಲ ಕ್ಲಚ್ ತುಳಿದ ಕಾಲು ಇನ್ನೆಷ್ಟು ದಿನ ಬಂದೀತು. ಇನ್ನೊಂದು ವರ್ಷ ಓಡಿಸಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದು ಡಾಕ್ಟರು ಖಂಡತುಂಡವಾಗಿ ಹೇಳಿಬಿಟ್ಟರು. ಉಳಿದದ್ದು ಒಂದೇ ದಾರಿ, ಕಂಟ್ರೋಲರ್ ಹುದ್ದೆ. ನಿಲ್ದಾಣದ ಗೂಡಿನಲ್ಲಿ ಕೂತು ಯಾವ ಬಸ್ಸು ಎಷ್ಟು ಹೊತ್ತಿಗೆ ಬಿಡಬೇಕು ಎಂದು ಹೇಳುವ ಕೆಲಸ. ಕುರ್ಚಿ ಇದೆ, ಫ್ಯಾನಿದೆ, ಕ್ಲಚ್ ಇಲ್ಲ. ಅದಕ್ಕೆ ಎರಡು ಷರತ್ತು. ಒಂದು, ಆದೇಶ ಕೈಗೆ ಬರುವ ದಿನದವರೆಗೆ ಅಪಘಾತದ ಕಾಲಂ ಖಾಲಿ ಇರಬೇಕು. ಇನ್ನೊಂದು, ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಮನೆಯಲ್ಲೇ, ಕಂಪ್ಯೂಟರಿನಲ್ಲಿ.

ಅವರ ಮನೆಯಲ್ಲಿ ಕಂಪ್ಯೂಟರಿಲ್ಲ, ಖಾಲಿ ಕೋಣೆಯಂತೂ ಇಲ್ಲವೇ ಇಲ್ಲ. ನಾನು ಒಂಟಿ ಹೆಂಗಸು. ನನ್ನ ಎರಡು ಕೋಣೆಯ ಮನೆಯಲ್ಲಿ ಬರೀ ಸುಣ್ಣ ಬಳಿದ ಗೋಡೆಗಳು, ಜೊತೆಗೆ ನನ್ನ ತಂಗಿಯ ಮಗಳು ಬಿಟ್ಟುಹೋದ ಲ್ಯಾಪ್‌ಟಾಪು. ಬನ್ನಿ ಅಣ್ಣ, ಇಲ್ಲೇ ಬರೀರಿ ಎಂದೆ. ಅವರ ಹೆಂಡತಿಯೂ ಜೊತೆಗೆ ಬಂದರು, ಗಂಡ ಪರೀಕ್ಷೆ ಬರೆಯುವುದನ್ನು ನೋಡುವ ಭಾಗ್ಯ ಮತ್ತೆ ಸಿಗುತ್ತದೋ ಇಲ್ಲವೋ ಅಂತ.

ಪರೀಕ್ಷೆಯಲ್ಲಿ ನಕಲು ಹೊಡೆಯದಂತೆ ಕಾಯುವ ಆ ಸಾಫ್ಟ್‌ವೇರಿನ ದರ್ಬಾರು ಏನು ಹೇಳಲಿ. ಒಳಗೆ ಬಂದು ಕೂತದ್ದೇ ತಡ, ಮನೆಯ ಯಜಮಾನಿಕೆ ತನ್ನದೇ ಎಂದುಕೊಂಡಿತು. ಕ್ಯಾಮೆರಾ ತನಗೆ ಬೇಕು, ಮೈಕು ತನಗೆ ಬೇಕು, ಪರದೆಯ ಮೇಲೆ ಏನೇನು ಕಾಣುತ್ತದೋ ಅದೆಲ್ಲ ತನಗೆ ಬೇಕು. ನನ್ನ ತಂಗಿಯ ಮಗಳು ಯಾವಾಗಲೋ ಹಾಕಿದ್ದ ಇಸ್ಪೀಟಿನ ಆಟ ಹಿಂದೆ ಎಲ್ಲೋ ತೆರೆದುಕೊಂಡಿತ್ತಂತೆ. ಅದರ ಹೆಸರು ಹಿಡಿದು ಹೇಳಿ, ಮುಚ್ಚಿ ಎಂದು ಅಪ್ಪಣೆ ಕೊಡಿಸಿತು. ಆಮೇಲೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಕೋಣೆಯ ನಾಲ್ಕು ಮೂಲೆ ತೋರಿಸಬೇಕು, ಮೇಜಿನ ಕೆಳಗೆ ತೋರಿಸಬೇಕು, ಎರಡು ಕಿವಿ ತೋರಿಸಬೇಕು, ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿಯಬೇಕು. ಚೀಟಿಯಲ್ಲಿನ ಫೋಟೊ ಇಪ್ಪತ್ತು ವರ್ಷ ಹಳೆಯದು, ತಲೆತುಂಬ ಕೂದಲಿತ್ತು. ಮೂರು ಸಲ ನಿರಾಕರಿಸಿ, ನಾಲ್ಕನೇ ಸಲ ಹೇಗೋ ಒಪ್ಪಿಕೊಂಡಿತು. ನನ್ನನ್ನೂ ಅವರ ಹೆಂಡತಿಯನ್ನೂ ಕೋಣೆಯಿಂದ ಹೊರಗೆ ಹಾಕಲಾಯಿತು. ನನ್ನ ಮನೆಯ ಅಡುಗೆಕೋಣೆಯಲ್ಲಿ ನಾನೇ ಎರಡು ಗಂಟೆ ಕೆಮ್ಮದೆ ಕೂತಿದ್ದೆ.

ಹೊರಗೆ ಬಂದವರ ಮುಖ ಅರಳಿತ್ತು. ಎಲ್ಲಾ ಗೊತ್ತಿದ್ದ ಪ್ರಶ್ನೆಗಳೇ ಎಂದರು. ಗೊತ್ತಿಲ್ಲದೆ ಏನು, ಕಂಟ್ರೋಲರಿಗೆ ಕಂಟ್ರೋಲರ್ ಕೆಲಸ ಹೇಳಿಕೊಡುವಷ್ಟು ಅನುಭವ ಅವರದು.

ಹತ್ತು ದಿನಕ್ಕೆ ಕಾಗದ ಬಂತು. ಪರೀಕ್ಷೆ ರದ್ದು, ಅನುಮಾನಾಸ್ಪದ ವರ್ತನೆ, ಬಂದು ಕಾಣಿ.

ನಾನೂ ಜೊತೆಗೆ ಹೋದೆ. ಪರೀಕ್ಷಾ ವಿಭಾಗದ ಅಧಿಕಾರಿ ಮೆತ್ತಗೆ ಮಾತಾಡುವ ಮನುಷ್ಯ. ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿ ವೀಡಿಯೊ ತೋರಿಸಿದ. ಮೇಲೆ ಲೆಕ್ಕವೂ ಇತ್ತು. ಎಡಕ್ಕೆ ನೋಡಿದ್ದು ಇನ್ನೂರ ಹನ್ನೆರಡು ಸಲ, ಬಲಕ್ಕೆ ನೂರ ತೊಂಬತ್ತು, ಮೇಲಕ್ಕೆ ಅರವತ್ತನಾಲ್ಕು. ಎಡಗಡೆ ಯಾರು ಕೂತಿದ್ದರು ಎಂದು ಕೇಳಿದ. ಯಾರೂ ಇಲ್ಲ, ಕನ್ನಡಿ ಎಂದರು ಅಣ್ಣ. ಕೋಣೆಯಲ್ಲಿ ಕನ್ನಡಿ ಕಾಣುವುದಿಲ್ಲವಲ್ಲ ಎಂದ ಆತ. ಕನ್ನಡಿ ಕೋಣೆಯಲ್ಲಲ್ಲ, ಬಸ್ಸಿನಲ್ಲಿದೆ ಎಂದರು ಅಣ್ಣ. ಆತ ಪೆನ್ನು ಕೆಳಗಿಟ್ಟ. ನಾನು ನಡುವೆ ಬಾಯಿ ಹಾಕದಿದ್ದರೆ ತಲೆ ಕೆಟ್ಟವರು ಎಂದು ಬೇರೆ ಕಾಗದ ಬರೆಯುತ್ತಿದ್ದನೇನೋ. ಇಪ್ಪತ್ತಾರು ವರ್ಷದ ಅಭ್ಯಾಸ ಸ್ವಾಮಿ, ಈ ಕಣ್ಣಿನಿಂದಲೇ ಇವರ ಕಾಲಂ ಖಾಲಿ ಉಳಿದಿರೋದು ಎಂದು ಬಿಡಿಸಿ ಹೇಳಿದೆ.

ಆತನಿಗೆ ಅರ್ಥವಾಯಿತು, ಅದೇ ದುಃಖದ ಸಂಗತಿ. ಸಾಫ್ಟ್‌ವೇರು ಯಾರನ್ನೂ ಕಳ್ಳ ಅನ್ನುವುದಿಲ್ಲ, ಅದು ಎಣಿಸುತ್ತದೆ ಅಷ್ಟೆ ಎಂದ. ಇಷ್ಟು ಎಣಿಕೆ ಬಂದರೆ ರದ್ದು ಮಾಡು ಅಂತ ನಿಯಮ, ನನ್ನ ಕೈಯಲ್ಲಿ ಏನೂ ಇಲ್ಲ ಎಂದ. ಮೂರು ವಾರ ಬಿಟ್ಟು ಇನ್ನೊಂದೇ ಅವಕಾಶ ಕೊಡಬಹುದು, ಅದೇ ಕೊನೆ. ಎದ್ದು ಬಾಗಿಲ ತನಕ ಬಂದು ಹೇಳಿದ, "ನೇರ ನೋಡಿ ಸಾಕು. ಅಷ್ಟೇನೂ ಕಷ್ಟ ಅಲ್ಲ."

ನನಗೆ ಪಿತ್ತ ನೆತ್ತಿಗೇರಿತು, ಆದರೆ ಅಣ್ಣ ತಲೆಯಾಡಿಸಿದರು. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದುಕೊಂಡು, ಪ್ರತಿ ಮೆಟ್ಟಿಲಿಗೂ ಎರಡೂ ಕಾಲು ಇಟ್ಟು ಇಳಿದರು. ಆ ಮೊಣಕಾಲು ನೋಡಿ ನಾನು ಅಂದುಕೊಂಡೆ, ಆಗಲಿ, ನೇರ ನೋಡುವುದನ್ನು ಕಲಿಸಿಯೇ ಬಿಡೋಣ.

ಡ್ಯೂಟಿ ಮುಗಿದ ಮೇಲೆ ದಿನಾ ಸಂಜೆ ನನ್ನ ಮನೆಯಲ್ಲಿ ಪಾಠ. ಲ್ಯಾಪ್‌ಟಾಪಿನ ಪರದೆ ಮೇಲೆ ಒಂದು ಕೆಂಪು ಚುಕ್ಕಿ ಅಂಟಿಸಿದೆ. ಅವರು ಅದನ್ನು ನೋಡುತ್ತಾ ಕೂರಬೇಕು, ನಾನು ಎದುರಿಗೆ ತಟ್ಟೆ ಚಮಚ ಹಿಡಿದು ಕೂರುವುದು. ಕಣ್ಣು ಆಚೀಚೆ ಹೋಯಿತೋ, ತಟ್ಟೆಗೆ ಒಂದು ಏಟು. ಮೊದಲ ದಿನ ಪಕ್ಕದ ಮನೆಯವರು ಏನಮ್ಮ ಭಜನೆ ಶುರು ಮಾಡಿದ್ದೀಯಾ ಎಂದು ಕೇಳಿಕೊಂಡು ಬಂದರು. ಐದನೇ ದಿನಕ್ಕೆ ಏಟು ಅರ್ಧಕ್ಕಿಳಿಯಿತು. ಹತ್ತನೇ ದಿನ ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಗುಡ್ಡೆ ಅಲ್ಲಾಡಲಿಲ್ಲ. ನಾನು ಎಡಗಡೆ ಬೇಕೆಂದೇ ಪಾತ್ರೆ ಬೀಳಿಸಿದೆ, ತಿರುಗಲಿಲ್ಲ. ಬಲಗಡೆಯಿಂದ ಹೋಗಿ ಕಿವಿಯ ಹತ್ತಿರ ಕೂಗಿದೆ, ತಿರುಗಲಿಲ್ಲ. ನನಗೆ ಎಷ್ಟು ಹೆಮ್ಮೆ ಆಯಿತೆಂದರೆ, ಅವತ್ತು ನಾನೇ ಟೀ ಮಾಡಿಕೊಟ್ಟೆ.

ಅವರ ಹೆಂಡತಿಯ ಸಂತೋಷವಂತೂ ಹೇಳತೀರದು. ಮದುವೆಯಾದಾಗಿನಿಂದ ಇವರು ಮುಖ ಕೊಟ್ಟು ಮಾತಾಡಿದ್ದೇ ಇಲ್ಲವಂತೆ, ಮಾತು ಹೆಂಡತಿಯ ಜೊತೆ, ಕಣ್ಣು ಕಿಟಕಿ ಬಾಗಿಲ ಜೊತೆ. ಈಗ ನೆಟ್ಟ ದೃಷ್ಟಿಯಿಂದ ನೋಡುತ್ತಾರಂತೆ. "ನನಗೇ ನಾಚಿಕೆ ಆಗುತ್ತೆ ಕಣಮ್ಮಾ, ಈ ವಯಸ್ಸಲ್ಲಿ," ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು. ಒಂದೇ ತೊಂದರೆ, ನೀರಿನ ಲೋಟ ಪಕ್ಕದಲ್ಲಿ ಇಟ್ಟರೆ ಕಾಣುವುದಿಲ್ಲ, ಎದುರಿಗೇ ಇಡಬೇಕು ಎಂದರು. ಇಬ್ಬರೂ ನಕ್ಕೆವು. ಆಗ ನಾನು ಒಂದು ನಿಮಿಷ ಯೋಚನೆ ಮಾಡಬೇಕಿತ್ತು, ಮಾಡಲಿಲ್ಲ.

ಎರಡನೇ ಪರೀಕ್ಷೆಯಲ್ಲಿ ಎಡಕ್ಕೆ ಸೊನ್ನೆ, ಬಲಕ್ಕೆ ಸೊನ್ನೆ, ಮೇಲಕ್ಕೆ ಸೊನ್ನೆ. ಅಂಥ ಶಿಸ್ತಿನ ಅಭ್ಯರ್ಥಿ ಬೇರೆ ಯಾರೂ ಇರಲಿಲ್ಲವಂತೆ. ಪಟ್ಟಿಯಲ್ಲಿ ಎಂಟನೆಯವರಾಗಿ ಪಾಸಾದರು. ಇನ್ನು ಎರಡು ವಾರದಲ್ಲಿ ಆದೇಶ ಬರುತ್ತದೆ, ಅಲ್ಲಿಯವರೆಗೆ ಬಸ್ಸು ಓಡಿಸಿಕೊಂಡಿರಿ ಎಂದು ಮ್ಯಾನೇಜರು ಬೆನ್ನು ತಟ್ಟಿದರು.

ಅದರ ಮುಂದಿನ ಬುಧವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಬಸ್ಸಿನಲ್ಲಿ ಉಸಿರಾಡಲು ಜಾಗವಿರಲಿಲ್ಲ. ಆಸ್ಪತ್ರೆಯ ಸ್ಟಾಪಿನಲ್ಲಿ ಜನ ಹತ್ತಿದರು, ನಾನು ಎರಡು ಸೀಟಿ ಊದಿ ಟಿಕೆಟ್ಟಿಗೆ ಕೈ ಹಾಕಿದೆ. ಬಸ್ಸು ಹೊರಟು ಎಡಕ್ಕೆ ಹೊರಳಿತು. ಎಡಗಡೆಯಿಂದ ಒಂದು ಸದ್ದು ಬಂತು, ತೆಳ್ಳಗಿನ ಕಬ್ಬಿಣ ಮುರಿದ ಸದ್ದು. ಬಸ್ಸು ನಿಂತಿತು.

ಇಳಿದು ನೋಡಿದರೆ ರಸ್ತೆ ತುಂಬ ಬಿಳಿ ಅಂಗಿಗಳು. ಇಸ್ತ್ರಿ ಅಂಗಡಿಯ ಹೆಂಗಸು ಸೈಕಲ್ಲಿನಲ್ಲಿ ಆಸ್ಪತ್ರೆಯವರ ಬಟ್ಟೆಗಂಟು ಒಯ್ಯುತ್ತಿದ್ದಳು. ಹಿಂದಿನ ಗಾಲಿ ನಮ್ಮ ಟೈರಿನ ಕೆಳಗೆ ಚಪ್ಪಟೆಯಾಗಿತ್ತು. ಅವಳು ಫುಟ್‌ಪಾತಿನ ಕಡೆಗೆ ಬಿದ್ದಿದ್ದಳು, ಒಂದು ಗೇಣು ಈಚೆ ಬಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮೊಣಕೈ ತರಚಿತ್ತು, ಅಷ್ಟೆ. ಎದ್ದು ಕೂತು ಮೊದಲು ಅಂಗಿಗಳನ್ನು ಎಣಿಸಿದಳು. ಆಮೇಲೆ ಅಣ್ಣನನ್ನು ನೋಡಿದಳು. ಬಯ್ಯಲಿಲ್ಲ. ಅವಳಿಗೆ ಆಶ್ಚರ್ಯವಾಗಿತ್ತು.

"ನಿಮ್ಮ ಕನ್ನಡೀಲಿ ನಿಮ್ಮ ಮುಖ ನನಗೆ ಚೆನ್ನಾಗಿ ಕಾಣ್ತಿತ್ತು ಅಣ್ಣ. ಈಗ ನೋಡ್ತಾರೆ, ಈಗ ನೋಡ್ತಾರೆ ಅಂತ ಬೆಲ್ ಹೊಡೀತಾನೇ ಇದ್ದೆ."

ಅಣ್ಣ ಅವಳ ಪಕ್ಕ ರಸ್ತೆಯಲ್ಲೇ ಕೂತುಬಿಟ್ಟರು. ಮೊಣಕಾಲು ಕೆಟ್ಟ ಮೇಲೆ ಅವರು ನೆಲದ ಮೇಲೆ ಕೂತದ್ದನ್ನು ನಾನು ಅದೇ ಮೊದಲು ಕಂಡದ್ದು. ಒಂದೊಂದೇ ಅಂಗಿ ಹತ್ತಿರಕ್ಕೆ ಎಳೆದು ಧೂಳು ಕೊಡವಿ ಮಡಚತೊಡಗಿದರು.

ಸೈಕಲ್ ರಿಪೇರಿ ಮಾಡಿಸಿಕೊಡುತ್ತೇವೆ ಎಂದೆ, ಅವಳು ಸರಿ ಎಂದಳು. ದೂರು ಗೀರು ಏನೂ ಬೇಡ, ಹೊತ್ತಾಯಿತು ಎಂದು ಗಂಟು ಹೊತ್ತುಕೊಂಡು ಹೋದಳು. ಜನರಿಗೂ ಅವಸರ. ಬಸ್ಸಿಗೆ ಒಂದು ಗೀರೂ ಬಿದ್ದಿರಲಿಲ್ಲ. ಡಿಪೋಗೆ ಹೋಗುವ ದಾರಿಯುದ್ದಕ್ಕೂ ಅವರ ಸೀಟಿನ ಹಿಂದೆ ನಿಂತು ನಾನು ಹೇಳಿದ್ದು ಒಂದೇ ಮಾತು. ಅವಳು ದೂರು ಕೊಡಲ್ಲ, ನಾನು ಬಾಯಿಗೆ ಬೀಗ ಹಾಕಿಕೊಳ್ಳುತ್ತೇನೆ, ಇನ್ನು ಒಂದು ವಾರ ತಡೆದುಕೊಳ್ಳಿ. ಅವರು ಎಡಗನ್ನಡಿ ನೋಡಿದರು, ಬಲಗನ್ನಡಿ ನೋಡಿದರು. ಕಣ್ಣು ಹೋಗುತ್ತಿತ್ತು, ಆದರೆ ಪ್ರತಿ ಸಲವೂ ತಳ್ಳಿ ಕಳಿಸಿದ ಹಾಗೆ ಹೋಗುತ್ತಿತ್ತು.

ಡಿಪೋದಲ್ಲಿ ಇಳಿದವರೇ ಗುಮಾಸ್ತನ ಹತ್ತಿರ ಅಪಘಾತದ ಫಾರಂ ಕೇಳಿದರು. ಗುಮಾಸ್ತ ನನ್ನ ಮುಖ ನೋಡಿದ. ಫಾರಂ ಮೇಲಕ್ಕೆ ಹೋದರೆ ಆದೇಶ ಬರೋದಿಲ್ಲ ಅಣ್ಣ, ಗೊತ್ತಲ್ವಾ ಎಂದ. ಗೊತ್ತು ಎಂದರು. ಹಾಗಾದರೆ ಕಾರಣ ಅನ್ನೋ ಕಡೆ ಸೈಕಲ್ ಸವಾರರ ಅಜಾಗರೂಕತೆ ಅಂತ ಬರೆದುಬಿಡಿ, ಎಲ್ಲರೂ ಅದನ್ನೇ ಬರೆಯೋದು, ಏನಾದರೂ ದಾರಿ ಸಿಗಬಹುದು ಎಂದ.

ಅಣ್ಣ ಕನ್ನಡಕ ಹಾಕಿಕೊಂಡು ನಿಧಾನವಾಗಿ ಬರೆದರು. ಕಾರಣ: ಚಾಲಕ ನೇರವಾಗಿ ನೋಡುತ್ತಿದ್ದ.

ಗುಮಾಸ್ತ ಓದಿ, ಇದು ಹೇಗೆ ಕಾರಣ ಆಗುತ್ತೆ, ಡ್ರೈವರು ನೇರ ನೋಡದೆ ಇನ್ನೆಲ್ಲಿ ನೋಡಬೇಕು ಎಂದ. ಅಣ್ಣ ಕಾಗದವನ್ನು ನನ್ನ ಕಡೆ ಸರಿಸಿದರು. ಕೆಳಗೆ ಕಂಡಕ್ಟರ್ ಹೇಳಿಕೆ ಅಂತ ನಾಲ್ಕು ಗೆರೆ ಜಾಗವಿತ್ತು.

"ನೀನು ಕಂಡದ್ದು ಬರಿ ತಂಗಿ," ಎಂದರು.

ಅಲ್ಲಿ ಬರೆಯಬೇಕೆಂದು ದಾರಿಯಲ್ಲಿ ನಾನು ಕಟ್ಟಿಕೊಂಡಿದ್ದ ಸುಳ್ಳು ಬಲು ಚೆನ್ನಾಗಿತ್ತು. ನನ್ನ ಬಾಯಿಗೆ ಸುಳ್ಳಿನ ಬರ ಯಾವತ್ತೂ ಬಂದಿಲ್ಲ. ಆದರೆ ಕೈ ಓಡಲಿಲ್ಲ. ಅಳುವುದನ್ನು ಗುಮಾಸ್ತ ನೋಡಬಾರದೆಂದು ಬಗ್ಗಿ ಬರೆದೆ. ಒಂದೇ ಗೆರೆ ಸಾಕಾಯಿತು: ಚಾಲಕರಿಗೆ ಪಕ್ಕಕ್ಕೆ ನೋಡದಂತೆ ಹದಿನೈದು ದಿನ ಕೂರಿಸಿ ಕಲಿಸಿದವಳು ನಾನು.