ಮೂಗಯ್ಯ ಕುಡಿಯುವ ತನಕ

ದೇವರಾಜ ಮಾರುಕಟ್ಟೆಯ ಬಾಗಿಲಲ್ಲಿ ವಿಭೂತಿ, ಕುಂಕುಮ, ಕರ್ಪೂರದ ಅಂಗಡಿ ನಮ್ಮದು. ನಮ್ಮೆದುರಿಗೇ ಎಳನೀರಿನ ಗಾಡಿ ನಿಲ್ಲಿಸುತ್ತಿದ್ದ ರಾಯಪ್ಪನ ವಿಷಯ ಬಂದರೆ ಅವನ ಚರ್ಚಿನವರು ದನಿ ತಗ್ಗಿಸಿ, ಅವನು ಹುಟ್ಟಿದಾಗಿನಿಂದ ಕುರಿಮರಿಯೇ ಆಗಿದ್ದ ಎನ್ನುವ ಹಾಗೆ ಮಾತಾಡುತ್ತಾರೆ. ನನಗೆ ಮೈ ಉರಿಯುತ್ತದೆ. ಅವನು ಮನುಷ್ಯನ ಕೈ ಕಡಿದದ್ದನ್ನು ಕಣ್ಣಾರೆ ಕಂಡವನು ನಾನು. ಅದನ್ನು ಬಿಟ್ಟು ಹೇಳುವುದಾದರೆ ಉಳಿದದ್ದನ್ನೂ ಹೇಳಬೇಕಾಗಿಲ್ಲ.

ಆಗ ಅವನ ಹೆಸರು ಬೀರಯ್ಯ. ಜನರ ಬಾಯಲ್ಲಿ ಮಚ್ಚು ಬೀರ. ಬಾಳೆಕಾಯಿ ಮಂಡಿಯ ಸಾಹುಕಾರನೊಬ್ಬ ಕುಡಿಸಿ, ತಿನ್ನಿಸಿ ಸಾಕಿಕೊಂಡಿದ್ದ ಆಳು. 1991ರ ಒಂದು ಬೆಳಿಗ್ಗೆ ಆ ಸಾಹುಕಾರ ಜ್ವರ ಬಂದಿದ್ದ ಹಮಾಲಿಯೊಬ್ಬನನ್ನು ಕಾಲಲ್ಲಿ ಒದ್ದ. ಅದನ್ನು ನೋಡಿದ ಮೂಗಯ್ಯ ಎಂಬ ಇನ್ನೊಬ್ಬ ಹಮಾಲಿ ನಮ್ಮ ಅಂಗಡಿಯ ಮುಂದೆ ನಿಂತಿದ್ದ ಲಾರಿಯಿಂದ ಗೊನೆ ಇಳಿಸುವುದಿಲ್ಲವೆಂದು ನಿಂತುಬಿಟ್ಟ. ಉಳಿದವರೂ ನಿಂತರು. ಸಾಹುಕಾರ ಬೀರನನ್ನು ಕರೆಸಿದ.

"ಗೊನೆ ಇಳ್ಸು," ಅಂದ ಬೀರ.

"ಇಳ್ಸಕಿಲ್ಲ, ಹೋಗು," ಅಂದ ಮೂಗಯ್ಯ. ಲಾರಿಯ ಹಲಗೆಯ ಮೇಲೆ ಬಲಗೈ ಊರಿಕೊಂಡಿದ್ದ.

ಎರಡನೇ ಸಲ ಕೇಳುವ ತಾಳ್ಮೆ ಬೀರನಿಗೆ ಇರಲಿಲ್ಲ. ಮಚ್ಚು ಒಂದೇ ಸಲ ಬಿತ್ತು. ಮಣಿಕಟ್ಟಿನಿಂದ ಆಚೆಯ ಕೈ ಬಾಳೆಗೊನೆಗಳ ಮೇಲೆ ಬಿದ್ದಿತ್ತು, ಬೆರಳುಗಳು ಇನ್ನೂ ಅಲ್ಲಾಡುತ್ತಿದ್ದವು. ಮೂಗಯ್ಯ ಬಿದ್ದ ಕೈಯನ್ನು ಎಡಗೈಯಲ್ಲಿ ಎತ್ತಿಕೊಂಡು, ಎಲ್ಲಿಡುವುದೆಂದು ತಿಳಿಯದವನಂತೆ ಸುತ್ತ ನೋಡಿ ಕುಸಿದ. ನಮ್ಮ ಅಂಗಡಿಯ ವಿಭೂತಿ ಗಟ್ಟಿಗಳ ಮೇಲೂ ರಕ್ತ ಸಿಡಿದಿತ್ತು. ಅಪ್ಪ ಅವನ್ನೆಲ್ಲ ಒಯ್ದು ಹೊಳೆಗೆ ಹಾಕಿ ಬಂದರು.

ಬೀರ ಜೈಲಿನಲ್ಲೂ ಸುಮ್ಮನಿರಲಿಲ್ಲ. ಊಟದ ತಟ್ಟೆಯಲ್ಲಿ ಹೊಡೆದು ಒಬ್ಬನ ದವಡೆ ಮುರಿದ. ಕೈದಿಗಳನ್ನು ನೋಡಲು ವಾರಕ್ಕೊಮ್ಮೆ ಬರುತ್ತಿದ್ದ ಫಾದರ್ ಚೌರಪ್ಪನವರ ಮುಖಕ್ಕೆ ಕಂಬಿಯ ಸಂದಿಯಿಂದ ಉಗಿದ. ಅವರು ಒರೆಸಿಕೊಂಡು ಹೋದರು, ಮುಂದಿನ ವಾರ ಮತ್ತೆ ಬಂದರು. "ಉಗುದ್ರೂ ಬತ್ತಾನಲ್ಲ, ಈವಯ್ಯಂಗೆ ಏನು ಕಾಯಿಲೆ ಅಂತ ಒಂದಿನ ಕೇಳ್ಬುಟ್ಟೆ ಅಣ್ಣ. ಅಲ್ಲಿಂದ ಸುರುವಾಯ್ತು," ಎಂದು ಬೀರ ಆಮೇಲೆ ನನಗೆ ಹೇಳಿದ.

1998ರಲ್ಲಿ ಹೊರಗೆ ಬಂದವನು ಚರ್ಚಿಗೆ ಹೋಗತೊಡಗಿದ, ನಮ್ಮೆದುರಿಗೆ ಎಳನೀರಿನ ಗಾಡಿ ಹಾಕಿದ. "ದೇವರು ಬದಲಾದ, ಮಚ್ಚು ಬದಲಾಗಲಿಲ್ಲವಲ್ಲೋ," ಎಂದು ಕೆಣಕಿದೆ. "ಬೇರೆ ಕೆಲ್ಸ ಬರಕಿಲ್ಲ ಅಣ್ಣ," ಅಂದ. ಹಳೆಯ ಸಾಹುಕಾರ ಮತ್ತೆ ಆಳಾಗಿ ಬಾ ಎಂದು ಹೇಳಿ ಕಳಿಸಿದ, ಇವನು ಹೋಗಲಿಲ್ಲ. ಒಂದು ಮಧ್ಯಾಹ್ನ ಸಾಹುಕಾರನ ಕಡೆಯವರು ಕೈಗೆ ಸೈಕಲ್ ಚೈನು ಸುತ್ತಿಕೊಂಡು ಬಂದರು. ಅವರನ್ನು ಕಂಡ ಕೂಡಲೇ ಬೀರ ಮಾಡಿದ ಮೊದಲ ಕೆಲಸ ಮಚ್ಚನ್ನು ನನ್ನ ಅಂಗಡಿಯೊಳಕ್ಕೆ ಎಸೆದದ್ದು. "ಇಟ್ಕಳಣ್ಣ, ಕೈಲಿದ್ರೆ ಎದ್ಬುಡ್ತದೆ!" ಗಾಡಿ ಮಗುಚಿತು. ಚೈನು ಬೆನ್ನಿಗೆ ಬಿದ್ದಾಗಲೆಲ್ಲ ಅಂಗಿಯ ಜೊತೆ ಚರ್ಮವೂ ಕಿತ್ತು ಬರುತ್ತಿತ್ತು. ಅವನು ಗಾಡಿಯ ಚಕ್ರ ತಬ್ಬಿಕೊಂಡು ಕೂತಿದ್ದ. ನನ್ನ ಕೈಯಲ್ಲಿದ್ದ ಆ ಮಚ್ಚನ್ನು ಅವನಿಗೇ ವಾಪಸ್ ಎಸೆಯೋಣವೆನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಮರು ವರ್ಷ ಪಾಸ್ಕ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಅವನಿಗೆ ಜ್ಞಾನಸ್ನಾನ ಕೊಟ್ಟು ಚರ್ಚಿಗೆ ಸೇರಿಸಿಕೊಳ್ಳುವುದೆಂದಾಯಿತು. ಫಾದರ್ ಆರಿಸಿದ ಹೆಸರು ರಾಯಪ್ಪ. ಯೇಸುವನ್ನು ಹಿಡಿಯಲು ಬಂದವನೊಬ್ಬನ ಕಿವಿಯನ್ನು ಕತ್ತಿಯಲ್ಲಿ ಹಾರಿಸಿದ ಶಿಷ್ಯನಿಗೆ ಅವರು ಕನ್ನಡದಲ್ಲಿಟ್ಟ ಹೆಸರಂತೆ ಅದು. "ಅವನು ಕಿವಿ, ನಾನು ಕೈ. ಕಿವೀನ ಯೇಸು ಅಲ್ಲೇ ಅಂಟಿಸ್ಕೊಟ್ರು. ಈ ಕೈ ಯಾರಣ್ಣ ಅಂಟ್ಸೋರು?" ಎಂದ. ಆ ದಿನಗಳಲ್ಲೇ ಫಾದರ್, ನಿನ್ನ ಮೇಲೆ ಸಿಟ್ಟಿರುವವನ ಹತ್ತಿರ ಮೊದಲು ರಾಜಿಯಾಗು, ಆಮೇಲೆ ಕಾಣಿಕೆ ಅರ್ಪಿಸು ಎಂದು ಬೋಧಿಸಿದ್ದರು. ಇವನಿಗೆ ಅದು ತಲೆಗೆ ಹೊಕ್ಕಿತು.

ಆ ಹಬ್ಬಕ್ಕೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಒಂದು ಶುಕ್ರವಾರ ವಿದ್ಯಾರಣ್ಯಪುರಂನಲ್ಲಿದ್ದ ಮೂಗಯ್ಯನ ಮನೆಗೆ ಕ್ಷಮೆ ಕೇಳಲು ಹೊರಟ. ಬರಿಗೈಯಲ್ಲಿ ಹೋಗಬಾರದೆಂದು ಹೆಗಲಿಗೆ ಎಳನೀರಿನ ಗೊನೆ ಹಾಕಿಕೊಂಡ. ಎಳನೀರು ಕೊಟ್ಟರೆ ಸಾಲದು, ಕೆತ್ತಿಕೊಡಬೇಕು. ಬಲಗೈಯಲ್ಲಿ ಮಚ್ಚು ಹಿಡಿದೇ ಹೋದ.

ನಲ್ಲಿಯ ಹತ್ತಿರವಿದ್ದ ಮೂಗಯ್ಯನ ಹೆಂಡತಿ ಮಂಚಮ್ಮ ಕಂಡದ್ದು ಗೊನೆಯನ್ನಲ್ಲ, ಮಚ್ಚನ್ನು. "ಅಯ್ಯೋ, ಇನ್ನೊಂದು ಕೈಗೂ ಬಂದ ಕಣೋ!" ಎಂದು ಕಿರುಚಿದಳು. ಮಗ ವಿಜಯ್‌ಕುಮಾರ್ ಹಾರೆ ಹಿಡಿದು ಬಂದ. ಮೊದಲ ಏಟಿಗೆ ರಾಯಪ್ಪನ ಎಡ ಮೊಣಕೈ ಚೂರಾಯಿತು, ಎರಡನೆಯದಕ್ಕೆ ಹಲ್ಲುಗಳು ಉದುರಿದವು. ಬೀದಿಯವರೆಲ್ಲ ಸೇರಿ ಕಲ್ಲು, ಚಪ್ಪಲಿ, ಸಿಕ್ಕಿದ್ದರಲ್ಲಿ ಬಡಿದರು. ಅವನು ಮಚ್ಚನ್ನು ದೂರ ಎಸೆದದ್ದು ಬಿಟ್ಟರೆ ಕೈ ಎತ್ತಲಿಲ್ಲ. ಕೊನೆಗೆ ಜಗಲಿಯಲ್ಲಿ ಕೂತಿದ್ದ ಮೂಗಯ್ಯನೇ, "ಸಾಕು ಬುಡ್ರೋ. ನಮ್ಮ ಬಾಗ್ಲಲ್ಲಿ ಸಾಯೋದು ಬ್ಯಾಡ, ಬೀದಿಗೆ ಎಳ್ದಾಕಿ," ಎಂದ.

ಆಸ್ಪತ್ರೆಗೆ ಬಂದ ಪೊಲೀಸರಿಗೆ ಮರದಿಂದ ಬಿದ್ದೆನೆಂದು ರಾಯಪ್ಪ ಹೇಳಿದ. ಜ್ಞಾನಸ್ನಾನಕ್ಕೆ ಮೊದಲೇ ಹೊಸ ಸುಳ್ಳು! ನನಗೆ ಸಿಟ್ಟು ತಡೆಯಲಿಲ್ಲ. "ಮಚ್ಚು ಹಿಡ್ಕೊಂಡು ಯಾರಾದ್ರೂ ಕ್ಷಮೆ ಕೇಳೋಕೆ ಹೋಗ್ತಾರೇನೋ ಮಂಕೆ?"

"ಕೈಲಿರೋದೇ ಗೊತ್ತಾಗ್ನಿಲ್ಲ ಅಣ್ಣ," ಎಂದ. ಮಂಚಮ್ಮನ ಆ ಕಿರುಚಾಟ ನೆನೆದು ಅತ್ತ. ಏಟಿಗೆ ಅತ್ತದ್ದನ್ನು ನಾನು ನೋಡಿಲ್ಲ.

ಜ್ಞಾನಸ್ನಾನವೇನೋ ಆಯಿತು. ಆದರೆ ಮೂಗಯ್ಯ ತನ್ನ ಕೈಯಿಂದ ಎಳನೀರು ಕುಡಿಯುವ ತನಕ ಪರಮಪ್ರಸಾದ ತೆಗೆದುಕೊಳ್ಳುವುದಿಲ್ಲವೆಂದು ಹಟ ಹಿಡಿದ. ಪೂಜೆಯಲ್ಲಿ ಫಾದರ್ ಕೊಡುವ ಆ ತೆಳು ರೊಟ್ಟಿಗೆ ಎಲ್ಲರೂ ಎದ್ದು ಮುಂದೆ ಹೋದಾಗ ಇವನು ಹಿಂದಿನ ಬೆಂಚಿನಲ್ಲಿ ಕೂತೇ ಇರುತ್ತಿದ್ದ. ಮೊದಮೊದಲು ಹೆದರಿ ಯಾರೂ ಪಕ್ಕದಲ್ಲಿ ಕೂರುತ್ತಿರಲಿಲ್ಲ, ಆಮೇಲೆ ಅದೇ ರೂಢಿಯಾಯಿತು. ದೇವರು ನಿನ್ನನ್ನು ಕ್ಷಮಿಸಿದ್ದಾನೆ ಎಂದು ಫಾದರ್ ಗದರಿಸಿದರು. "ಹೌದು ಸ್ವಾಮಿ. ಆದ್ರೆ ಹೋಗಿರೋದು ದೇವ್ರ ಕೈಯಲ್ಲ," ಎಂದನಂತೆ.

ಪ್ರತಿ ವರ್ಷ ತಪಸ್ಸು ಕಾಲದ ಶುಕ್ರವಾರಗಳಲ್ಲಿ ಆ ಮನೆಗೆ ಹೋಗುತ್ತಿದ್ದ. ಮಚ್ಚಿಲ್ಲದೆ, ಇಲ್ಲೇ ಕೆತ್ತಿಕೊಂಡ ಒಂದು ಎಳನೀರು ಹಿಡಿದು. ನಾಯಿ ಛೂ ಬಿಟ್ಟರು. ಬಿಸಿನೀರು ಎರಚಿದರು. ವಿಜಯ್‌ಕುಮಾರನಂತೂ ಆ ಶುಕ್ರವಾರಗಳಿಗೆ ಕಾಯುತ್ತಿದ್ದ. ಸೊಂಟಕ್ಕೆ ಒದೆಯುವುದು, ಎಳನೀರನ್ನು ಇವನ ತಲೆಗೇ ಒಡೆಯುವುದು. 2006ರಲ್ಲಿ ಹಾಗೆ ಒಡೆದಾಗ ತಲೆ ಬಿರಿದು ರಕ್ತ ಕಣ್ಣಿಗಿಳಿಯಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮೂಗಯ್ಯನ ಪುಟ್ಟ ಮೊಮ್ಮಗಳು ಕೈತಟ್ಟಿ ನಕ್ಕಳು.

ಎರಡು ದಿನಕ್ಕೆ ಮೂಗಯ್ಯ ಮಾರುಕಟ್ಟೆಗೆ ಬಂದ. ಕೈ ಹೋದ ಮೇಲೆ ಆ ಬಾಗಿಲಿಗೆ ಅವನು ಬಂದದ್ದು ಅದೇ ಮೊದಲು. ತಲೆಗೆ ಬಟ್ಟೆ ಸುತ್ತಿಕೊಂಡು ಕೂತಿದ್ದ ರಾಯಪ್ಪ ಎದ್ದು ನಿಂತ.

"ನಮ್ಮ ವಿಜಿ ನಿನ್ನ ಹೊಡ್ದೂ ಹೊಡ್ದೂ ನಿನ್ನಂಗೇ ಆಗ್ಬುಟ್ಟವ್ನೆ," ಎಂದ ಮೂಗಯ್ಯ. "ಹೆಂಡ್ತಿ ಮ್ಯಾಲೂ ಕೈ ಮಾಡ್ತಾನೆ. ಮಗೀಗೆ ಅದೇ ಆಟ ಆಗದೆ. ನಿನ್ನ ಕಂಡ್ರೆ ನಂಗೆ ಇವತ್ತೂ ಹೊಟ್ಟೆ ಉರೀತದೆ. ಆದ್ರೂ ಇದು ಸಾಕು. ಒಂದು ಎಳ್ನೀರು ಕೊಡು."

ಮೊಣಕೈ ಮುರಿದ ಮೇಲೆ ರಾಯಪ್ಪನಿಗೆ ಎಡಗೈಯಲ್ಲಿ ಎಳನೀರು ಹಿಡಿಯಲು ಆಗುತ್ತಿರಲಿಲ್ಲ, ಮರದ ದಿಮ್ಮಿಯ ಮೇಲಿಟ್ಟು ಕೆತ್ತುತ್ತಿದ್ದ. ಹಾಗೆಯೇ ಇಟ್ಟು ಮಚ್ಚಿಗೆ ಕೈ ಹಾಕಿದ. ಮೂಗಯ್ಯ ದಿಮ್ಮಿಯ ಮೇಲಿನ ಕಾಯನ್ನು ಎತ್ತಿ, ತನಗೆ ಉಳಿದಿದ್ದ ಒಂದೇ ಅಂಗೈಯಲ್ಲಿ ಇಟ್ಟುಕೊಂಡು ಅವನ ಮುಂದೆ ಚಾಚಿದ.

"ಇಲ್ಲೇ ಕೆತ್ತು."

ರಾಯಪ್ಪ ಮಚ್ಚನ್ನು ಕೆಳಗಿಳಿಸಿದ. "ಆಗಕಿಲ್ಲ ಅಣ್ಣ," ಎಂದ.

"ಅವತ್ತು ಆಯ್ತಲ್ಲ? ಕೆತ್ತು."

ನಾನು ಅಂಗಡಿಯಿಂದ ಇಳಿದು ಓಡಿದೆ, ಆದರೆ ಯಾರ ಕೈ ಹಿಡಿಯಲಿ? ಮಚ್ಚು ಮೇಲೆದ್ದಿತು, ಬಿತ್ತು. ಸಿಪ್ಪೆಯ ಹೋಳು ಹಾರಿತು. ಮತ್ತೆ ಬಿತ್ತು. ಮೂಗಯ್ಯ ಮಚ್ಚನ್ನು ನೋಡಲಿಲ್ಲ, ಕಣ್ಣು ಕೀಳದೆ ಅವನ ಮುಖವನ್ನೇ ನೋಡುತ್ತಿದ್ದ. ಮೂರನೇ ಏಟಿಗೆ ಕಾಯಿಯ ಬಾಯಿ ತೆರೆದು ನೀರು ಮೂಗಯ್ಯನ ಮಣಿಕಟ್ಟಿಗೆ ಚೆಲ್ಲಿತು. ಕೈ ಕೈಯಾಗಿಯೇ ಇತ್ತು.

ಅವನು ಎತ್ತಿ ಕುಡಿದ, ಪೂರ್ತಿ. ಬುರುಡೆ ಕೆಳಗೆ ಹಾಕಿ, "ಮನೆತಾವ ಇನ್ನು ಬರ್ಬ್ಯಾಡ. ಕುಡೀಬೇಕು ಅನ್ಸುದ್ರೆ ನಾನೇ ಬತ್ತೀನಿ," ಎಂದು ಹೊರಟುಹೋದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಇವನೂ ಕೇಳಲಿಲ್ಲ.

ಮುಂದಿನ ಭಾನುವಾರ ರಾಯಪ್ಪ ಪೂಜೆ ಮುಗಿಸಿ ನೇರವಾಗಿ ನನ್ನ ಅಂಗಡಿಗೆ ಬಂದ. ಅಷ್ಟು ವರ್ಷ ಕಾದು ಪಡೆದ ಪ್ರಸಾದ ಹೇಗಿತ್ತೆಂದು ನನಗೆ ನಿಜವಾಗಿಯೂ ಕುತೂಹಲ. ನಮ್ಮದಾದರೆ ಸಕ್ಕರೆ, ತುಪ್ಪ ಇರುತ್ತದೆ.

"ಹೆಂಗಿತ್ತೋ?" ಎಂದೆ.

"ಸಪ್ಪೆ ಕಣಣ್ಣ," ಎಂದ. ಹಲ್ಲಿಲ್ಲದ ಬಾಯಿ ತೆರೆದು ನಕ್ಕ, ಆಮೇಲೆ ನಮ್ಮ ಅಂಗಡಿಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ.